ಖಾನಾಪುರ ರಸ್ತೆಯಲ್ಲಿ ಗೋಬರ್ ಗ್ಯಾಸಿನ ಜಾಡು

ಟಿಳಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ ಖಾನಾಪುರದ ದಿಕ್ಕಿಗೆ ತಿರುಗಿದರೆ ಬೆಳಗಾವಿಯ ಚಹರೆಯೇ ಬೇರೆ. ಅಂಗಡಿ ಸಾಲು ತೆಳುವಾಗಿ ಉದ್ಯಮಬಾಗ ಶುರುವಾಗುತ್ತದೆ. ಫೌಂಡ್ರಿಗಳಿಂದ ಸುಟ್ಟ ಮರಳಿನ ವಾಸನೆ, ಶಟರ್ ಅರ್ಧ ಎತ್ತಿದ ವರ್ಕ್‌ಶಾಪ್‌ಗಳಿಂದ ಲೇತ್ ಸದ್ದು, ರಸ್ತೆಬದಿಯಲ್ಲಿ ಎರಕ ಹೊಯ್ದ ಪಂಪ್ ಕವಚಗಳ ರಾಶಿ. ಇಲ್ಲಿಂದ ಖಾನಾಪುರ ಇಪ್ಪತ್ತೈದು ಕಿ.ಮೀ. ಆಸುಪಾಸು. ಕಾರ್ತಿಕದ ಚಳಿ ಆಗಷ್ಟೇ ಬಿದ್ದಿತ್ತು, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದಿದ್ದವು. ಹೆಂಡಿಯಿಂದಲೋ ಕಬ್ಬಿನ ಕಸದಿಂದಲೋ ಹುಟ್ಟುವ ಗ್ಯಾಸನ್ನು ಶುದ್ಧ ಮಾಡಿ ಗಾಡಿ ಓಡಿಸುವ ಇಂಧನವಾಗಿಸಲು ಏನೇನು ಬೇಕು, ಅದರಲ್ಲಿ ಎಷ್ಟು ಈ ಒಂದೇ ರಸ್ತೆಯ ಮೇಲೆ ಸಿಗುತ್ತದೆ ಎಂದು ನೋಡುತ್ತ ಹೋಗುವುದು ನನ್ನ ಉದ್ದೇಶವಾಗಿತ್ತು.

ಗೋಬರ್ ಗ್ಯಾಸ್ ಒಂದೇ ಅನಿಲವಲ್ಲ. ಅದರಲ್ಲಿ ಉರಿಯುವ ಮೀಥೇನ್ ನೂರಕ್ಕೆ 55ರಿಂದ 65 ಪಾಲು. ಮಿಕ್ಕಿದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್, ಜತೆಗೆ ನೀರಾವಿ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್. ಕಾರ್ಬನ್ ಡೈಆಕ್ಸೈಡ್ ತಾನು ಉರಿಯುವುದಿಲ್ಲ, ಪಕ್ಕದವನ ಉರಿಯನ್ನೂ ತಗ್ಗಿಸುತ್ತದೆ. ಗಾತ್ರದಲ್ಲಿ 40 ಪಾಲು ಎಂದಾಗ ಅಷ್ಟೇನಲ್ಲ ಅನಿಸಬಹುದು, ತೂಕಕ್ಕೆ ಹಾಕಿದರೆ ಅದರ ಭಾರ ತಿಳಿಯುತ್ತದೆ. 60–40ರ ಮಿಶ್ರಣದಲ್ಲಿ ಒಂದು ಕಿಲೊ ಮೀಥೇನ್ ಜತೆ ಸುಮಾರು 1.8 ಕಿಲೊ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅಂದರೆ ಬೇಕಾದ ಸರಕಿಗಿಂತ ಬೇಡದ ಸರಕೇ ಹೆಚ್ಚು ತೂಗುತ್ತದೆ. ವಾಹನಕ್ಕೆ ತುಂಬುವ ಜೈವಿಕ ಅನಿಲಕ್ಕೆ ಭಾರತೀಯ ಮಾನಕ ಬ್ಯೂರೊ 2016ರಲ್ಲಿ ಮಾಡಿರುವ ಐಎಸ್ 16087 ಮಾನಕದ ಪ್ರಕಾರ ಮೀಥೇನ್ ಕನಿಷ್ಠ ಶೇ 90 ಇರಬೇಕು, ಕಾರ್ಬನ್ ಡೈಆಕ್ಸೈಡ್ ಶೇ 4 ಮೀರಬಾರದು. ನಲವತ್ತನ್ನು ನಾಲ್ಕಕ್ಕೆ ಇಳಿಸುವ ಕೆಲಸ ಇದು.

ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪ್‌ನೊಳಗೆ ಹೋದೆ. ಹೈಡ್ರಾಲಿಕ್ ವಾಲ್ವ್‌ಗಳನ್ನು ಮಾಡಿ ಒತ್ತಡಕ್ಕೆ ಹಾಕಿ ಪರೀಕ್ಷಿಸುವ ಜಾಗ. ಮೇಜಿನ ಮೇಲೆ ಎಣ್ಣೆ ಒರೆಸಿದ ಬಟ್ಟೆ, ಗೇಜ್‌ನ ಮುಳ್ಳು ನಿಂತಲ್ಲೇ ನಿಂತಿದೆಯೇ ಎಂದು ಕಣ್ಣಿಟ್ಟ ಹುಡುಗ. ಮಾಲೀಕರಿಗೆ ನನ್ನ ಪ್ರಶ್ನೆ ವಿಚಿತ್ರ ಅನಿಸಲಿಲ್ಲ. ‘ಎಣ್ಣಿ ಇರ್ಲಿ, ನೀರ ಇರ್ಲಿ, ಗ್ಯಾಸ್ ಇರ್ಲಿ ಸರ, ಒತ್ತಡ ಹಿಡಿಯೂದ ನಮ್ಮ ಕೆಲಸ. ಸೋರಬಾರದು, ಅಷ್ಟರೀ’ ಎಂದರು. ಬೆಳಗಾವಿಯ ಎರಕ ಮತ್ತು ಹೈಡ್ರಾಲಿಕ್ ಉದ್ಯಮ ಬದುಕಿರುವುದೇ ಆ ‘ಅಷ್ಟರೀ’ ಮೇಲೆ. ಗ್ಯಾಸ್ ಶುದ್ಧಿಗೂ ಮೊದಲು ಬೇಕಾದದ್ದು ಅದೇ.

ಏಕೆಂದರೆ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸುವ ಹಳೆಯ, ಸರಳ ದಾರಿ ನೀರು. ಸೋಡಾ ಬಾಟಲಿಯಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ: ಒತ್ತಡ ಕೊಟ್ಟಾಗ ಅನಿಲ ನೀರಿನೊಳಗೆ ಇಳಿಯುತ್ತದೆ, ಒತ್ತಡ ಬಿಟ್ಟಾಗ ಗುಳ್ಳೆಯಾಗಿ ಎದ್ದು ಬರುತ್ತದೆ. ಮೀಥೇನ್‌ಗೆ ನೀರಿನ ಸಹವಾಸ ಅಷ್ಟಕ್ಕಷ್ಟೆ. ಅದಕ್ಕಿಂತ ಕಾರ್ಬನ್ ಡೈಆಕ್ಸೈಡ್ ಸುಮಾರು 25 ಪಟ್ಟು ಹೆಚ್ಚು ಕರಗುತ್ತದೆ. ಎತ್ತರದ ಕೊಳವೆಯಂಥ ಗೋಪುರದಲ್ಲಿ ಕೆಳಗಿನಿಂದ ಗ್ಯಾಸ್ ಏರುತ್ತದೆ, ಮೇಲಿನಿಂದ ನೀರು ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ನೀರಿನೊಂದಿಗೆ ಕೆಳಗೆ ಹೋಗುತ್ತದೆ, ಮೀಥೇನ್ ತುದಿಯಿಂದ ಹೊರಬರುತ್ತದೆ.

ಒತ್ತಡ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಅಲ್ಲೇ ಮೇಜಿನ ಮೇಲೆ ಲೆಕ್ಕ ಹಾಕಿದೆವು. 25 ಡಿಗ್ರಿ ಉಷ್ಣತೆಯಲ್ಲಿ, ಸಾಮಾನ್ಯ ಗಾಳಿಯ ಒತ್ತಡದಲ್ಲಿ, ಒಂದು ಘನ ಮೀಟರ್ ಗ್ಯಾಸಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಲು ಏನಿಲ್ಲವೆಂದರೂ 1,300 ಲೀಟರ್ ನೀರು ಹರಿಸಬೇಕು. ಒತ್ತಡವನ್ನು 10 ಬಾರ್‌ಗೆ ಏರಿಸಿದರೆ ಅದು 130 ಲೀಟರಿಗೆ ಇಳಿಯುತ್ತದೆ. ಇದು ಕಾಗದದ ಮೇಲಿನ ಕನಿಷ್ಠ ಲೆಕ್ಕ, ನಿಜದ ಗೋಪುರಕ್ಕೆ ಇನ್ನೂ ಬೇಕು. ಆದರೂ ಹತ್ತು ಪಾಲಿನ ಅಂತರ ಅಂತರವೇ. ನೀರನ್ನು ಚೆಲ್ಲಬೇಕಾಗಿಯೂ ಇಲ್ಲ. ಒತ್ತಡ ಇಳಿಸಿ, ಗಾಳಿ ಊದಿ, ಕರಗಿದ್ದನ್ನು ಹೊರಗೆ ಕಳಿಸಿ ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡಬಹುದು. ದಿಲ್ಲಿಯ ಐಐಟಿಯಲ್ಲಿ ಪ್ರೊ. ವೀರೇಂದ್ರ ಕುಮಾರ್ ವಿಜಯ್ ಅವರ ತಂಡ ನಮ್ಮ ಹಳ್ಳಿ, ಗೋಶಾಲೆಗಳ ಅಳತೆಗೆ ಹೊಂದುವಂತೆ ಬೆಳೆಸಿದ್ದು ಈ ವಿಧಾನವನ್ನೇ. ಪಂಪ್, ವಾಲ್ವ್, ಗೇಜ್, ಒತ್ತಡ ತಡೆಯುವ ಉಕ್ಕಿನ ಕೊಳವೆ ಇವೆಲ್ಲ ಉದ್ಯಮಬಾಗದ ನಿತ್ಯದ ಕಸುಬು.

ಹೊರಬರುವಾಗ ಗೋಡೆಯ ಪಕ್ಕ ಲೇತ್‌ನಿಂದ ಉದುರಿದ ಕಬ್ಬಿಣದ ಸುರುಳಿಗಳು ಮಳೆಗೆ ನೆನೆದು ಕೆಂಪಗೆ ತುಕ್ಕು ಹಿಡಿದು ಬಿದ್ದಿದ್ದವು. ಗುಜರಿಗೆ ಹೋಗುವ ಮಾಲು. ಹೈಡ್ರೋಜನ್ ಸಲ್ಫೈಡನ್ನು ಹಿಡಿಯಲು ಇದಕ್ಕಿಂತ ಅಗ್ಗದ ವಸ್ತು ಇಲ್ಲ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಗ್ಯಾಸ್ ಹಾದರೆ ಗಂಧಕ ಕಬ್ಬಿಣಕ್ಕೆ ಅಂಟಿ ಕಪ್ಪಾಗುತ್ತದೆ. ಆಮೇಲೆ ಗಾಳಿಗೆ ಹರವಿದರೆ ಕಬ್ಬಿಣ ಮತ್ತೆ ತುಕ್ಕಾಗಿ ಇನ್ನೊಂದು ಸರದಿಗೆ ಸಿದ್ಧವಾಗುತ್ತದೆ. ಹರವುವಾಗ ಮಾತ್ರ ಎಚ್ಚರ ಬೇಕು, ಅದು ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವದ್ದು.

ಪೀರನವಾಡಿ ದಾಟಿದರೆ ಮಚ್ಛೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಇರುವುದು ಇಲ್ಲೇ. 1998ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ತೆಕ್ಕೆಯಲ್ಲಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ದೊಡ್ಡ ಪಾಲು ಇದೆ. ಇಂಥ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಸುಣ್ಣದ ನೀರಿನ ಬಾಟಲಿ ಹಳೆಯ ಪರಿಚಯ. ಗೋಬರ್ ಗ್ಯಾಸನ್ನು ಸುಣ್ಣದ ತಿಳಿಯೊಳಗೆ ಗುಳುಗುಳು ಹಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ, ಹೊರಬಂದ ಗ್ಯಾಸ್ ಚೆನ್ನಾಗಿ ಉರಿಯುತ್ತದೆ. ಪ್ರಯೋಗಕ್ಕೆ ಇದು ಸೊಗಸು. ಕಸುಬಿಗೆ ಇದನ್ನು ನೆಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 1.2 ಕಿಲೊ ಅರಳಿದ ಸುಣ್ಣ ತೀರಿಹೋಗುತ್ತದೆ. ಆ ಸುಣ್ಣ ಬಂದದ್ದಾದರೂ ಎಲ್ಲಿಂದ? ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು. ಸುಡುವಾಗ ಕಲ್ಲು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಎಷ್ಟೋ ಸುಣ್ಣ ಮರಳಿ ಹಿಡಿಯುವುದೂ ಅಷ್ಟೆ. ಭಟ್ಟಿಗೆ ಉರಿಸಿದ ಸೌದೆ, ಕಲ್ಲಿದ್ದಲು ಮೇಲಿನ ನಷ್ಟ. ನಮ್ಮ ಮಕ್ಕಳು ಬಾಟಲಿಯ ಪ್ರಯೋಗದಲ್ಲಿ ನಿಲ್ಲದೆ, ಮತ್ತೆ ಮತ್ತೆ ಬಳಸಬಹುದಾದ ವಿಧಾನಗಳ ಮೇಲೆ ಕೈಯಿಡಬೇಕು. ನೀರಿನ ಗೋಪುರ ಅಂಥದು. ಇಂಗಾಲದ ಇಲ್ಲವೆ ಜಿಯೊಲೈಟ್‌ನ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಿಂದ ಅನಿಲವನ್ನು ಹಿಡಿದು ಬಿಡುವ ವಿಧಾನ, ಅಮೀನ್ ದ್ರಾವಣದಲ್ಲಿ ಹಿಡಿದು ಕಾಯಿಸಿ ಬಿಡಿಸುವ ವಿಧಾನ, ಕಾರ್ಬನ್ ಡೈಆಕ್ಸೈಡನ್ನು ಬೇಗ, ಮೀಥೇನನ್ನು ನಿಧಾನ ಹಾಯಗೊಡುವ ಪಾಲಿಮರ್ ಪೊರೆ ಇವೂ ಅದೇ ಜಾತಿಯವು.

ದೇಸೂರು ದಾಟುತ್ತಲೇ ನೋಟ ಹಸಿರಾಗುತ್ತದೆ. ಭತ್ತದ ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು, ನಡುನಡುವೆ ಕಬ್ಬು. ಎದುರಿಗೆ ಸಹ್ಯಾದ್ರಿಯ ನೀಲಿ ಗೆರೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ಊರನ್ನು ಒರಸಿಕೊಂಡೇ ಹರಿಯುತ್ತಾಳೆ. ಊರೊಳಗೆ ಹೆಂಚು, ಇಟ್ಟಿಗೆ, ಮಡಕೆಗಳ ರಾಶಿ ಕಂಡರೆ ಇಲ್ಲಿಯ ಮಣ್ಣಿನ ಗುಣ ಹೇಳಬೇಕಾಗಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕುಂಬಾರಿಕೆ ತರಬೇತಿಯ ಕೇಂದ್ರ ಸಂಸ್ಥೆಗೆ ಖಾನಾಪುರವನ್ನು ಆರಿಸಿಕೊಂಡದ್ದೂ ಈ ಮಣ್ಣಿಗಾಗಿಯೇ. ಇದೇ ಆಯೋಗ 1960ರ ದಶಕದಿಂದ ತೇಲುವ ಕಬ್ಬಿಣದ ಡ್ರಮ್ಮಿನ ಗೋಬರ್ ಗ್ಯಾಸ್ ಘಟಕಗಳನ್ನು ದೇಶದ ತುಂಬ ಹರಡಿತು.

ಮಣ್ಣಿಗೂ ಗ್ಯಾಸ್ ಶುದ್ಧಿಗೂ ಸಂಬಂಧವಿದೆ. ನೀರಿನ ಗೋಪುರ ಖಾಲಿ ಕೊಳವೆಯಾಗಿದ್ದರೆ ಗ್ಯಾಸ್ ಗುಳ್ಳೆಯಾಗಿ ನುಸುಳಿಬಿಡುತ್ತದೆ. ನೀರು ಸಾವಿರಾರು ಮೇಲ್ಮೈಗಳ ಮೇಲೆ ತೆಳ್ಳಗೆ ಹರಡಬೇಕು, ಗ್ಯಾಸ್ ಅವುಗಳ ನಡುವೆ ಸುತ್ತಿ ಬಳಸಿ ಹಾಯಬೇಕು. ಅದಕ್ಕಾಗಿ ಗೋಪುರದೊಳಗೆ ಸಣ್ಣ ಟೊಳ್ಳು ಬಳೆಗಳನ್ನು ತುಂಬುತ್ತಾರೆ. ಜರ್ಮನಿಯ ರಸಾಯನ ವಿಜ್ಞಾನಿ ಫ್ರೀಡ್ರಿಕ್ ರಾಶಿಗ್ ಹೆಸರಿನ ಈ ಬಳೆಗಳನ್ನು ಸುಟ್ಟ ಮಣ್ಣಿನಲ್ಲೂ ಮಾಡುತ್ತಾರೆ. ಎತ್ತರ ಎಷ್ಟೋ ಅಡ್ಡಗಲವೂ ಅಷ್ಟೇ ಇರುವ, ಹೆಬ್ಬೆರಳ ಗಾತ್ರದ ಕೊಳವೆ ತುಂಡು ಅದು. ಈಗ ಪ್ಲಾಸ್ಟಿಕ್ ಮತ್ತು ಸ್ಟೀಲಿನವು ಹೆಚ್ಚು ಬಳಕೆಯಲ್ಲಿವೆ, ಆದರೂ ಆಮ್ಲದ ನೀರಿನಲ್ಲಿ ಮಣ್ಣಿನ ಬಳೆ ಸವೆಯುವುದಿಲ್ಲ. ಖಾನಾಪುರದ ಭಟ್ಟಿಗಳಿಗೆ ಇದು ದೂರದ ಕೆಲಸವಲ್ಲ. ಹೆಂಚಿನ ಬೇಡಿಕೆ ಕಾಂಕ್ರೀಟು ಸೂರಿಗೆ ಸೋತಿರುವ ಈ ದಿನಗಳಲ್ಲಿ ಯಾರಾದರೂ ಕೈಹಾಕಿ ನೋಡಬೇಕು ಎಂದು ಆ ರಾಶಿಗಳ ಮುಂದೆ ನಿಂತಾಗ ಬಲವಾಗಿ ಅನಿಸಿತು.

ಊರಿನಿಂದ ಒಳದಾರಿ ಹಿಡಿದು ಒಂದು ಹಳ್ಳಿ ಮನೆಗೆ ಹೋದೆ. ಹಿತ್ತಲಲ್ಲಿ ನಾಲ್ಕು ಎಮ್ಮೆ, ಒಂದು ಆಕಳು. ನೆಲದಿಂದ ಸ್ವಲ್ಪವೇ ಮೇಲೆದ್ದ ಸಿಮೆಂಟಿನ ಗುಮ್ಮಟ, ಒಂದು ಬದಿಗೆ ಹೆಂಡಿ ಕಲಸುವ ತೊಟ್ಟಿ, ಇನ್ನೊಂದು ಬದಿಗೆ ಸ್ಲರಿ ಹೊರಬರುವ ಗುಂಡಿ. 1984ರಲ್ಲಿ ಬಂದ ದೀನಬಂಧು ಮಾದರಿ ಇದು. ದಿನಕ್ಕೆ 50 ಕಿಲೊ ಹೆಂಡಿಗೆ ಎರಡು ಘನ ಮೀಟರ್ ಗ್ಯಾಸ್. ಚೆನ್ನಾಗಿ ಕೊಟ್ಟರೆ ಹದಿನಾರು, ಹದಿನೇಳು ದಿನಕ್ಕೆ ಒಂದು ಅಡುಗೆ ಸಿಲಿಂಡರಿನಷ್ಟು ಶಾಖ. ಮನೆಯಾಕೆ ಗಂಡನೊಂದಿಗೆ ಮರಾಠಿಯಲ್ಲೂ ನನ್ನೊಂದಿಗೆ ಕನ್ನಡದಲ್ಲೂ ಮಾತಾಡುತ್ತ ಒಲೆ ಹಚ್ಚಿ ತೋರಿಸಿದರು.

‘ಥಂಡಿ ದಿನದಾಗ ಉರಿ ಸಣ್ಣ ಆಗ್ತೈತ್ರಿ ಅಣ್ಣಾರ. ಹೆಂಡಿ ಅಷ್ಟ ಹಾಕಿದ್ರೂ ರೊಟ್ಟಿ ಮುಗಿಯೂದ್ರಾಗ ಗ್ಯಾಸ್ ತೀರತೈತಿ.’

‘ಗ್ಯಾಸ್ ಸ್ವಚ್ಛ ಮಾಡೂ ಮಷೀನ್ ಕೊಟ್ರ ಹಾಕಿಸ್ಕೋತೀರೇನ್ರಿ ಅಕ್ಕಾ?’

‘ಉರಿ ನೀಲಿ ಐತಲ್ರಿ. ಇನ್ನೇನ್ ಸ್ವಚ್ಛ ಮಾಡೂದು?’

ಆಕೆಯ ಮಾತು ಪೂರ್ತಿ ಸರಿ. ಈ ಒಲೆಯ ಜೆಟ್ಟಿನ ರಂಧ್ರವನ್ನು ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸಿಗೆಂದೇ ದೊಡ್ಡದಾಗಿ ಕೊರೆದಿರುತ್ತಾರೆ. ಹತ್ತು ಮಾರು ದೂರದ ಗುಮ್ಮಟದಿಂದ ಪೈಪಿನಲ್ಲಿ ಬಂದು ಉರಿಯುವ ಗ್ಯಾಸನ್ನು ಶುದ್ಧ ಮಾಡುವುದು ದಂಡದ ಖರ್ಚು. ಎಂಜಿನ್‌ಗೂ ಅದು ಅನಿವಾರ್ಯವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ, ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1980ರ ದಶಕದಲ್ಲಿ ಇದನ್ನು ಮಾಡಿ ತೋರಿಸಿತ್ತು. ಊರವರು ಹೆಂಡಿ ತಂದು ಹಾಕಿ ಸ್ಲರಿಯನ್ನು ಗೊಬ್ಬರಕ್ಕೆ ಒಯ್ಯುತ್ತಿದ್ದರು. ಗ್ಯಾಸ್ ಡೀಸೆಲ್ ಎಂಜಿನ್ನಿಗೆ ಹೋಗಿ ಮನೆಗಳಿಗೆ ದೀಪ, ಕೊಳವೆಬಾವಿಯ ನೀರು ಬರುತ್ತಿತ್ತು. ಹುಟ್ಟಿದ ಜಾಗದಲ್ಲೇ ಬಳಸುವ ಗ್ಯಾಸಿಗೆ ಈ ಶುದ್ಧಿಯ ಹಂಗಿಲ್ಲ.

ಗ್ಯಾಸ್ ಪ್ರಯಾಣ ಹೊರಟಾಗ ಮಾತು ಬೇರೆ. ಅಡುಗೆ ಅನಿಲ ಸ್ವಲ್ಪ ಒತ್ತಡಕ್ಕೇ ದ್ರವವಾಗಿ ತೆಳ್ಳನೆಯ ಸಿಲಿಂಡರಿನಲ್ಲಿ ಕೂರುತ್ತದೆ. ಮೀಥೇನ್ ಹಾಗೆ ಮಣಿಯುವುದಿಲ್ಲ. ಸೊನ್ನೆಗಿಂತ 82 ಡಿಗ್ರಿ ಕೆಳಗೆ ತಣಿಸದ ಹೊರತು ಎಷ್ಟು ಒತ್ತಿದರೂ ಅದು ದ್ರವವಾಗದು. ಆದ್ದರಿಂದಲೇ ಅದನ್ನು 200 ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ದಪ್ಪ ಸಿಲಿಂಡರಿಗೆ ತುರುಕಬೇಕು. ಅಷ್ಟು ವಿದ್ಯುತ್ ಸುಟ್ಟು, ಅಷ್ಟು ಉಕ್ಕು ಹೊತ್ತು, ಒಳಗೆ ಉರಿಯದ ಅನಿಲವನ್ನು ಸಾಗಿಸುವುದರಲ್ಲಿ ಅರ್ಥವಿಲ್ಲ. ತೇವದ ಜತೆ ಸೇರಿದ ಕಾರ್ಬನ್ ಡೈಆಕ್ಸೈಡ್ ಉಕ್ಕನ್ನು ತಿನ್ನುವುದು ಬೇರೆ. ಹಾಗಾಗಿ ಹಳ್ಳಿಗೊಂದು ಶುದ್ಧೀಕರಣ ಯಂತ್ರ ಎಂಬ ಮಾತನ್ನು ಯಾರೇ ಹೇಳಿದರೂ ನಾನು ಒಪ್ಪಲಾರೆ. ಮನೆಯ ಗ್ಯಾಸ್ ಮನೆಯಲ್ಲೇ ಉರಿಯಲಿ. ರಾಶಿ ಕಸ ಒಂದೆಡೆ ಸೇರುವ ಜಾಗ ಹುಡುಕಿ ಅಲ್ಲಿ ಗೋಪುರ ನಿಲ್ಲಿಸಬೇಕು.

ಬೆಳಗಾವಿ ಜಿಲ್ಲೆಯಲ್ಲಿ ಅಂಥ ಜಾಗಗಳು ಸಕ್ಕರೆ ಕಾರ್ಖಾನೆಗಳು. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲಿರುವುದೇ ಈ ನೆಲದ ಕಬ್ಬಿನ ಪ್ರಮಾಣಕ್ಕೆ ಸಾಕ್ಷಿ. ಕಬ್ಬಿನ ಹಾಲನ್ನು ತಿಳಿಗೊಳಿಸುವಾಗ ಉಳಿಯುವ ಕಪ್ಪು ಮಡ್ಡಿ, ಅಂದರೆ ಪ್ರೆಸ್‌ಮಡ್, ನುರಿಸಿದ ಕಬ್ಬಿನ ಶೇ 3ರಿಂದ 4ರಷ್ಟು. ಒಂದು ಟನ್ ಶುದ್ಧ ಇಂಧನಕ್ಕೆ ಸುಮಾರು 25 ಟನ್ ಪ್ರೆಸ್‌ಮಡ್ ಸಾಕು, ಹೆಂಡಿಯಾದರೆ 60 ಟನ್ನಿಗೂ ಹೆಚ್ಚು ಬೇಕು. ಅಷ್ಟು ಹೆಂಡಿ ಕೂಡಿಸಲು ಆರು ಸಾವಿರ ದನಗಳ ಕೊಟ್ಟಿಗೆ ಸುತ್ತಬೇಕು. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯ ಅಂಗಳದಲ್ಲಿ 175 ಟನ್ ಪ್ರೆಸ್‌ಮಡ್ ತಾನಾಗಿ ಬಂದು ಬೀಳುತ್ತದೆ. ಅದರಿಂದ ಏಳು ಟನ್ ಇಂಧನ, ಬೇರ್ಪಟ್ಟು ಹೊರಬರುವ ಕಾರ್ಬನ್ ಡೈಆಕ್ಸೈಡ್ ಹದಿಮೂರು ಟನ್ ಹತ್ತಿರ. ಆ ಹದಿಮೂರು ಟನ್ನನ್ನು ಸುಣ್ಣದಲ್ಲಿ ಹಿಡಿಯಹೊರಟರೆ ದಿನಕ್ಕೆ 22 ಟನ್ ಸುಣ್ಣ ಬೇಕಾದೀತು!

ಇದು ಬರೀ ಲೆಕ್ಕವಾಗಿ ಉಳಿದಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಲೀಫಿನಿಟಿ ಬಯೋಎನರ್ಜಿ ಕಂಪನಿಯ ಘಟಕ ಪ್ರೆಸ್‌ಮಡ್‌ನಿಂದಲೇ ದಿನಕ್ಕೆ 10.2 ಟನ್ ಇಂಧನ ಮಾಡುವ ಸಾಮರ್ಥ್ಯದ್ದು. ಕೇಂದ್ರ ಸರ್ಕಾರ 2018ರ ಅಕ್ಟೋಬರ್ 1ರಂದು ‘ಸತತ್’ ಯೋಜನೆ ಘೋಷಿಸಿ 2023ರೊಳಗೆ 5,000 ಘಟಕಗಳ ಗುರಿ ಇಟ್ಟಿತ್ತು. ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ. ಗ್ಯಾಸ್ ಮಾಡುವುದಕ್ಕಿಂತ ವರ್ಷವಿಡೀ ಕಚ್ಚಾವಸ್ತು ಒದಗಿಸುವುದು, ಉಳಿಯುವ ರಾಶಿ ರಾಶಿ ಗೊಬ್ಬರವನ್ನು ರೈತರಿಗೆ ಮುಟ್ಟಿಸುವುದು ಕಷ್ಟ. ಈಗ ನಗರಗಳಿಗೆ ಅನಿಲ ಪೂರೈಸುವ ಕಂಪನಿಗಳು ಈ ಜೈವಿಕ ಇಂಧನವನ್ನು ಕಡ್ಡಾಯವಾಗಿ ಬೆರೆಸಬೇಕೆಂಬ ನಿಯಮ ಬಂದಿದೆ: 2025–26ರಲ್ಲಿ ಶೇ 1, ಅಲ್ಲಿಂದ ಏರುತ್ತ 2028–29ಕ್ಕೆ ಶೇ 5. ಬೆಳಗಾವಿಯ ಮಟ್ಟಿಗೆ ಇದು ದೂರದ ಮಾತಲ್ಲ. ದಾಭೋಳ–ಬೆಂಗಳೂರು ಅನಿಲ ಕೊಳವೆ ಈ ಜಿಲ್ಲೆಯನ್ನೇ ಹಾದು ಹೋಗಿದೆ, ನಗರದ ಮನೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಸಿಎನ್‌ಜಿ ಬಂಕ್‌ಗಳಿವೆ. ಮೀಥೇನ್ ಶೇ 90 ದಾಟಿದ ಗ್ಯಾಸಿಗೆ ಕೊಳ್ಳುವವರನ್ನು ಬೇರೆ ಹುಡುಕಬೇಕಾಗಿಲ್ಲ.

ಇಂಥ ಘಟಕ ಇಲ್ಲಿ ಎದ್ದು ನಿಂತರೆ ಅದರ ಹೊಗೆಕೊಳವೆಯ ತುದಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಶುದ್ಧಿಯಲ್ಲಿ ಬೇರ್ಪಟ್ಟ ಕಾರ್ಬನ್ ಡೈಆಕ್ಸೈಡ್ ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ಆದ್ದರಿಂದ ಮರಳಿ ಗಾಳಿಗೆ ಹೋದರೆ ಹೊಸ ಹೊರೆಯಲ್ಲ. ಅದರ ಜತೆ ನುಸುಳುವ ಮೀಥೇನ್ ಹಾಗಲ್ಲ. ನೂರು ವರ್ಷಗಳ ಅಳತೆಯಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ನೀರಿನಲ್ಲಿ ಸ್ವಲ್ಪ ಮೀಥೇನೂ ಕರಗುವುದರಿಂದ, ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ ಮೊದಲ ಹಂತದಲ್ಲಿ ಎದ್ದ ಗ್ಯಾಸನ್ನು ಮರಳಿ ಗೋಪುರಕ್ಕೆ ಕಳಿಸಬೇಕು. ಈ ಮೊದಲ ಹಂತವನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟರೆ ಹಸಿರು ಇಂಧನದ ಪುಣ್ಯವೆಲ್ಲ ಆ ಕೊಳವೆಯಲ್ಲೇ ಸೋರಿಹೋಗುತ್ತದೆ. ಪರಿಸರ ಇಲಾಖೆಯವರು ಅಳೆಯಬೇಕಾದದ್ದು ಇದನ್ನು.

ಖಾನಾಪುರದ ಹವೆಗೂ ಇಲ್ಲಿ ಪಾತ್ರವಿದೆ. ಗ್ಯಾಸ್ ಹುಟ್ಟಿಸುವ ಜೀವಾಣುಗಳಿಗೆ 35 ಡಿಗ್ರಿಯ ಬಿಸುಪು ಇಷ್ಟ, ಹಳ್ಳಿ ಮನೆಯ ಆ ತಾಯಿಯ ಒಲೆ ಥಂಡಿಯಲ್ಲಿ ಸಣ್ಣಗಾಗುವುದು ಅದಕ್ಕೇ. ಶುದ್ಧಿಯ ನೀರಿಗೆ ಬೇಕಾದದ್ದು ತದ್ವಿರುದ್ಧ. 25 ಡಿಗ್ರಿಯ ನೀರಿಗಿಂತ 15 ಡಿಗ್ರಿಯ ನೀರು ಮೂರರಲ್ಲೊಂದು ಪಾಲು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಕರಗಿಸುತ್ತದೆ. ಕಂಪ್ರೆಸರಿನಿಂದ ಹೊರಬೀಳುವ ಬಿಸಿಯನ್ನು ಕೊಳೆಯುವ ತೊಟ್ಟಿಗೆ ತಿರುಗಿಸಿ, ಮಲೆನಾಡಿನ ಇರುಳ ಚಳಿಯಲ್ಲಿ ತಣಿಸಿದ ನೀರನ್ನು ಗೋಪುರಕ್ಕೆ ಬಿಟ್ಟರೆ ಎರಡು ಕಡೆಯೂ ಗೆಲುವು. ಬಯಲುಸೀಮೆಯ ಘಟಕಕ್ಕೆ ಈ ಅನುಕೂಲ ಇಷ್ಟು ಸುಲಭಕ್ಕೆ ಸಿಗದು.

ಇನ್ನು ಉಳಿಯುವುದು ಋತುವಿನ ಪ್ರಶ್ನೆ. ಕಬ್ಬು ನುರಿಸುವುದು ನವೆಂಬರಿನಿಂದ ಮಾರ್ಚ್, ಏಪ್ರಿಲ್ ತನಕ. ಪ್ರೆಸ್‌ಮಡ್ ಗುಡ್ಡೆ ಹಾಕಿಟ್ಟರೆ ತಾನೇ ಕೊಳೆತು ಗ್ಯಾಸ್ ಕೊಡುವ ಕಸುವು ಕಳೆದುಕೊಳ್ಳುತ್ತದೆ, ಮಳೆ ಹೊಡೆದರಂತೂ ಇನ್ನೂ ಬೇಗ. ಖಾನಾಪುರದ ಮಳೆ ಎಂಥದ್ದೆಂದು ಕಣಕುಂಬಿ, ಜಾಂಬೋಟಿಯವರನ್ನು ಕೇಳಬೇಕು. ಹೊದಿಸಿ ಇಟ್ಟ ಪ್ರೆಸ್‌ಮಡ್ ಒಂದಷ್ಟು, ಗೌಳಿಗಳ ಎಮ್ಮೆ ಹಿಂಡಿನ ಹೆಂಡಿ ಒಂದಷ್ಟು, ಗದ್ದೆಯ ಭತ್ತದ ಹುಲ್ಲಿನಲ್ಲಿ ದನಕ್ಕೆ ಮಿಕ್ಕಿದ್ದು ಒಂದಷ್ಟು, ನಗರದ ತರಕಾರಿ ಮಾರುಕಟ್ಟೆಯ ಕಸ ಒಂದಷ್ಟು ಕೂಡಿದರೆ ಮೇ ತಿಂಗಳಿಂದ ಅಕ್ಟೋಬರ್ ತನಕದ ಖಾಲಿ ತುಂಬಬಹುದು. ಕಬ್ಬು ತಂದು ಇಳಿಸಿದ ಟ್ರ್ಯಾಕ್ಟರುಗಳು ಬರಿದಾಗಿ ಮರಳುವ ಬದಲು ಸ್ಲರಿ ಗೊಬ್ಬರ ಹೇರಿಕೊಂಡು ಅದೇ ಗದ್ದೆಗಳಿಗೆ ಹೋಗಬಹುದು. ಹೆಂಡಿಗೆ ಕಿಲೊ ಲೆಕ್ಕದಲ್ಲಿ ಹಣವೋ, ತೂಕಕ್ಕೆ ತೂಕ ಗೊಬ್ಬರವೋ ಎಂಬುದನ್ನು ಮಾತ್ರ ಘಟಕದ ಅಡಿಪಾಯ ತೋಡುವ ಮೊದಲೇ ಹಳ್ಳಿಯವರ ಜತೆ ಕೂತು ಗೊತ್ತು ಮಾಡಿಕೊಳ್ಳಬೇಕು.